ನಿಮ್ಮದೇ ಅಳತೆಯ ಮಂಡಿ

ದೊಡ್ಡಮ್ಮನ ಎಡಮಂಡಿ ಸವೆದು ವರ್ಷಗಳೇ ಆಗಿದ್ದವು. ಕಡೆಗೂ ಮಂಡಿ ಬದಲಿಸುವ ಆಪರೇಷನ್ನಿಗೆ ಒಪ್ಪಿಸಿ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರ್ ನೋಡಿದ್ದು ನಾಲ್ಕು ನಿಮಿಷ. ಆಮೇಲೆ ನಮ್ಮನ್ನು ವಹಿಸಿಕೊಂಡವನು ಟೈ ಕಟ್ಟಿದ ಕೌನ್ಸೆಲರ್ ಹುಡುಗ.

"ಆಂಟಿ, ಮಾಮೂಲಿ ಬೇಕಾ, ಪರ್ಸನಲೈಸ್ಡ್ ಬೇಕಾ? ಪರ್ಸನಲೈಸ್ಡ್ ಅಂದ್ರೆ ನಿಮ್ಮದೇ ಅಳತೆಯ ಮಂಡಿ."

"ಇಷ್ಟು ದಿನ ಇದ್ದದ್ದು ಯಾರ ಅಳತೇದಪ್ಪಾ?" ಅಂದರು ದೊಡ್ಡಮ್ಮ.

ಹುಡುಗ ನಗಲಿಲ್ಲ. ತಿಂಗಳ ಟಾರ್ಗೆಟ್ ಇತ್ತೋ ಏನೋ.

ಕೆದಕಿ ಕೇಳಿದಾಗ ಬಾಯಿಬಿಟ್ಟ. ಸಿಟಿ ಸ್ಕ್ಯಾನ್ ಮಾಡಿ, ನಿಮ್ಮ ಮೂಳೆಯ ಮೇಲೆ ಕಚ್ಚಿ ಕೂರುವಂಥ ಪ್ಲಾಸ್ಟಿಕ್ ಅಚ್ಚನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುತ್ತಾರೆ. ಗರಗಸ ಎಲ್ಲಿ ಆಡಬೇಕೆಂದು ಆ ಅಚ್ಚು ತೋರಿಸುತ್ತದೆ. ಮಾಮೂಲಿಯಲ್ಲಾದರೆ ತೊಡೆಮೂಳೆಯೊಳಗೆ ಸರಳು ತೂರಿಸಿ, ಅದರ ನೇರ ಹಿಡಿದು ಕೊಯ್ಯುತ್ತಾರೆ. ಸರಿ, ಒಳಗೆ ಕೂರಿಸುವ ಲೋಹದ ಮಂಡಿ? "ಅದು ಸೈಜ್ ಪ್ರಕಾರ ಬರುತ್ತೆ ಸಾರ್, ಎರಡಕ್ಕೂ ಒಂದೇ."

ಅಂದರೆ ಟೈಲರ್ ನಿಮಗೆಂದೇ ಹೊಸ ಟೇಪು ತರಿಸಿ, ಮೈಯೆಲ್ಲ ಅಳೆದು, ಪಕ್ಕದಂಗಡಿಯಿಂದ ರೆಡಿಮೇಡ್ ಶರ್ಟು ತಂದುಕೊಟ್ಟ ಹಾಗೆ. ಟೇಪಿನ ದುಡ್ಡು ನಿಮ್ಮದು. (ಆ ಲೋಹದ ಮಂಡಿಯನ್ನೇ, ಅಂದರೆ ಇಂಪ್ಲಾಂಟನ್ನೇ, ಅಳತೆಗೆ ಮಾಡಿಸುವ ಪದ್ಧತಿಯೂ ಉಂಟು. ಹುಡುಗ ಮಾರುತ್ತಿದ್ದದ್ದು ಅದಲ್ಲ.)

ಅಚ್ಚು, ಸರಳು ಎರಡನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ನೋವಿನಲ್ಲಾಗಲಿ ನಡಿಗೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಆಪರೇಷನ್ನಿನಲ್ಲಿ ಕೆಲವು ನಿಮಿಷ ಉಳಿದೀತು. ಇನ್ನು ಬಾಳಿಕೆ: ಬದಲಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 82 ಇಪ್ಪತ್ತೈದು ವರ್ಷ ದಾಟುತ್ತವೆಂದು 2019ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಲೆಕ್ಕ ಕೊಟ್ಟಿತು. ಅವೆಲ್ಲ ಸರಳಿನ ಕಾಲದವು, ಅಚ್ಚಿನ್ನೂ ಹುಟ್ಟಿರಲಿಲ್ಲ.

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಮಂಡಿ ಇಂಪ್ಲಾಂಟಿಗೆ ಬೆಲೆಮಿತಿ ಹಾಕಿತು. ಮಾಮೂಲಿ ಕೋಬಾಲ್ಟ್-ಕ್ರೋಮಿಯಂನದಕ್ಕೆ 54,720 ರೂಪಾಯಿ, ತೆರಿಗೆ ಬೇರೆ. ಮಿತಿ ಬಿದ್ದದ್ದು ಲೋಹಕ್ಕೆ, ವಿಶೇಷಣಕ್ಕಲ್ಲ. ಹೋರ್ಡಿಂಗ್ ನೋಡಿ: ರೋಬೋಟ್ ಮಂಡಿ, ಚಿನ್ನದ ಮಂಡಿ, ನಿಮಗಾಗಿಯೇ ಮಂಡಿ. ಚಿನ್ನದ್ದರಲ್ಲಿ ಚಿನ್ನವಿಲ್ಲ, ಟೈಟಾನಿಯಂ ನೈಟ್ರೈಡ್ ಲೇಪಕ್ಕೆ ಆ ಬಣ್ಣ. ಅಡವಿಡಲು ಒಯ್ದೀರಿ ಜೋಕೆ.

"ಯೋಚನೆ ಮಾಡಿ ಹೇಳ್ತೀವಿ" ಎಂದು ಎಕ್ಸ್‌ರೇ ಸಾಲಿನಲ್ಲಿ ಕೂತೆವು. ಮಿಲಿಮೀಟರ್ ತಪ್ಪದೆ ಅಳೆಯುವ ಆಸ್ಪತ್ರೆಯ ಫೈಲಿನಲ್ಲಿ ದೊಡ್ಡಮ್ಮನ ಹೆಸರು ತಪ್ಪಾಗಿತ್ತು. ವಯಸ್ಸು ಏಳು ವರ್ಷ ಕಮ್ಮಿ ಬಿದ್ದಿತ್ತು. ಅದಕ್ಕೆ ಅವರ ತಕರಾರಿರಲಿಲ್ಲ. ಅರ್ಧ ಗಂಟೆಯಾದ ಮೇಲೆ ನರ್ಸ್ ಬಾಗಿಲಿನಿಂದ ಇಣುಕಿ ಕೂಗಿದಳು:

"ಎಡಮಂಡಿ ಯಾರ್ರೀ?"

ದೊಡ್ಡಮ್ಮ ಕೋಲೂರಿ ಎದ್ದರು. "ನಾನೇ ಕಣಮ್ಮ. ಬಲಮಂಡಿಯೂ ಜೊತೇಲಿ ಬಂದಿದೆ."