ಬಳಸೇ ಇಲ್ಲದ ಸ್ಪೀಕರ್

ಬಳ್ಳಾರಿಯಲ್ಲಿ ಹಳೇ ದುಬಾರಿ ಸ್ಪೀಕರ್ ಬೇಕಾದವರು ಅಂಗಡಿ ಸುತ್ತಿ ಪ್ರಯೋಜನವಿಲ್ಲ. ಗಣಿ ಕಾಲದಲ್ಲಿ ಎದ್ದ ದೊಡ್ಡ ಮನೆಗಳ ಹಾಲ್‌ಗೆ ಹೋಗಬೇಕು. ಚೀನಾಕ್ಕೆ ಅದಿರು ಹೋಗುತ್ತಿದ್ದ ಆ ವರ್ಷಗಳಲ್ಲಿ ಕಾರು, ಮಾರ್ಬಲ್ಲು, ಜೂಮರ್ ಜೊತೆ ಫಾರಿನ್ ಸ್ಪೀಕರ್‌ಗಳೂ ಬಂದವು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗೆ ತಡೆ ಹಾಕಿತು. ಮೊದಲು ಲಾರಿಗಳು ಮಾರಾಟಕ್ಕೆ ಬಂದವು, ಆಮೇಲೆ ಕಾರುಗಳು. ಸ್ಪೀಕರ್ ಸರದಿ ಈಗ ಬಂದಿದೆ.

ಪರಿಚಯದವರು ಹೇಳಿದರೆಂದು ಅಂಥದ್ದೊಂದು ಜೋಡಿ ನೋಡಲು ಹೋದೆ. ಎದೆಮಟ್ಟದ ಟವರ್ ಸ್ಪೀಕರ್. ತಲೆ ಮೇಲೆ ಒಂದೊಂದು ಹೂದಾನಿ, ಅದರಲ್ಲಿ ಪ್ಲಾಸ್ಟಿಕ್ ಗುಲಾಬಿ.

"ಬಳಸೇ ಇಲ್ರೀ ಸರ್, ಹೊಸದರಂಗ ಅದಾವ. ನಲವತ್ತು ಸಾವಿರ ಕೊಡ್ರಿ," ಎಂದರು ಯಜಮಾನರು.

ಹಳೇ ಸ್ಪೀಕರ್‌ಗೆ ಇದೇನೂ ಹೆಗ್ಗಳಿಕೆಯಲ್ಲ. ಸದ್ದು ಹೊರಡಿಸುವ ಕೋನ್ ಸುತ್ತಲಿನ ಫೋಮ್ ರಿಂಗ್ ಬಳಸಿದರೂ ಕೆಡುತ್ತದೆ, ಸುಮ್ನೆ ಇಟ್ಟರೂ ಕೆಡುತ್ತದೆ. ಹದಿನೈದಿಪ್ಪತ್ತು ವರ್ಷಕ್ಕೆ ಪುಡಿಪುಡಿ. ನಮ್ಮ ಬೇಸಿಗೆಯಲ್ಲಂತೂ ಕೇಳಲೇಬೇಡಿ. ರಬ್ಬರ್ ರಿಂಗ್ ಆಗಿದ್ದರೆ ಚಿಂತೆ ಕಡಿಮೆ. ಒಳಗೆ ದಪ್ಪ ದನಿ, ತೆಳು ದನಿ ಬೇರ್ಪಡಿಸುವ ಕ್ರಾಸ್‌ಓವರ್‌ನ ಕೆಪಾಸಿಟರ್‌ಗಳದ್ದೂ ಇದೇ ಕಥೆ, ಕೆಲವು ಕೂತಲ್ಲೇ ಒಣಗುತ್ತವೆ.

ಮುಂದಿನ ಜಾಲರಿ ತೆಗೆದೆ. ಒಳಗೆಲ್ಲ ಕೆಂಪು ಧೂಳು. ಅದಿರು ಚೀನಾಕ್ಕೆ ಹೋಗಿತ್ತು, ಧೂಳು ಇಲ್ಲೇ ಉಳಿದಿತ್ತು. ಹಿಂದಿನ ಲೇಬಲ್ ನೋಡಿದರೆ 1994, ಗಣಿ ಕಾಲಕ್ಕೂ ಮುಂಚಿನದು! ಅಂದರೆ ಯಾರೋ ಇವರಿಗೆ ಹಳೇ ಮಾಲನ್ನೇ ಹೊಸದೆಂದು ಸಾಗಹಾಕಿದ್ದರು. ಹೇಳಲು ಬಾಯಿ ಬರಲಿಲ್ಲ.

ಕೋನನ್ನು ಬೆರಳ ತುದಿಯಿಂದ ಸಮನಾಗಿ, ಮೆಲ್ಲಗೆ ಒತ್ತಿ ನೋಡುವುದು ಕ್ರಮ. ಕರಕರ ಅಂದರೆ ಒಳಗಿನ ಕಾಯಿಲ್ ಉಜ್ಜುತ್ತಿದೆ ಅಂತ ಲೆಕ್ಕ. ಬಲಗಡೆಯದನ್ನು ಒತ್ತಿದೆ. ಕರಕರ ಬರಲಿಲ್ಲ. ಫೋಮೇ ಹಳೇ ಹಪ್ಪಳದಂತೆ ಮುರಿದು ಮಾರ್ಬಲ್ ಮೇಲೆ ಉದುರಿತು. ಬೆರಳಿಗೆಲ್ಲ ಕರೀ ಅಂಟು.

"ಏನ್ ಸರ್, ಚಲೋ ಇದ್ದದ್ದು ಮುರಿದೇ ಬಿಟ್ರಲ್ಲ!"

ಮಾತು ಬದಲಿಸಲು ಹಾಡು ಹಾಕಿಸಿದೆ. ಜನ ಬಾಸ್ ಕೇಳಿ ಮರುಳಾಗುತ್ತಾರೆ. ನನ್ನ ಪ್ರಕಾರ ಪರೀಕ್ಷೆಗೆ ಮನುಷ್ಯರ ದನಿಯೇ ಸರಿ. ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನ ಹಚ್ಚಿದೆ. ಬಲಗಡೆ ಟ್ವೀಟರ್, ಅಂದರೆ ತೆಳು ದನಿ ಹೊರಡಿಸುವ ಪುಟ್ಟ ಸ್ಪೀಕರ್, ಸದ್ದೇ ಇಲ್ಲ. ಎಡಬಲದ ವೈರ್ ಅದಲುಬದಲು ಮಾಡಿದೆ. ತೊಂದರೆಯೂ ಪಕ್ಕ ಬದಲಿಸಿದರೆ ಅದು ಆಂಪ್ಲಿಫೈಯರ್‌ದು. ತೊಂದರೆ ಪಕ್ಕ ಬದಲಿಸಲಿಲ್ಲ, ಅಂದರೆ ಸ್ಪೀಕರಿನದ್ದೇ. ಫೋಮನ್ನಾದರೂ ಹೊಸದು ಅಂಟಿಸಬಹುದು, ಅದೇ ಮಾಡೆಲ್ಲಿನ ಟ್ವೀಟರ್ ಎಲ್ಲಿಂದ ತರೋದು?

ಎದ್ದು ಬರಬೇಕಿತ್ತು, ಅಲ್ವಾ? ಆದರೆ ಎಡಗಡೆಯದರಲ್ಲಿ ಜಂಬಲದಿನ್ನಿಯವರು ಎದುರಿಗೇ ಕೂತು ಹಾಡುತ್ತಿದ್ದರು. ಉಸಿರು ಎಳೆದುಕೊಂಡದ್ದೂ ಕೇಳುತ್ತಿತ್ತು. ನನ್ನ ಚೌಕಾಸಿಯ ಬಲ ಅಲ್ಲೇ ಅರ್ಧ ಹೋಯಿತು.

ಮನೆಗೆ ಫೋನ್ ಮಾಡಿದೆ. "ಎಲ್ಲಿ ಇಡ್ತೀರಿ? ನಾನು ಹೊರಗ ಮಲಗ್ಲೋ, ಅದು ಹೊರಗ ಮಲಗ್ಲೋ?" ಎಂದಳು ಹೆಂಡತಿ. ಇದನ್ನು ಒಪ್ಪಿಗೆ ಅಂತಲೇ ತಿಳಿದುಕೊಂಡೆ.

"ಹನ್ನೆರಡು ಸಾವಿರ," ಎಂದೆ. ಯಜಮಾನರು ಒಳಗೆ ಹೋದರು. ಗುಸುಗುಸು ಕೇಳಿಸಿತು. ಆಮೇಲೆ ಅಮ್ಮಾವರೇ ಹೊರಗೆ ಬಂದರು.

"ಒಯ್ರಿ ಅಣ್ಣಾರ, ರೇಟಿನ ಮಾತು ಬಿಡ್ರಿ. ಹೂದಾನಿ ಎಲ್ಲಿ ಇಡ್ಲಿ ನಾನು? ಎರಡು ಸ್ಟೂಲ್ ಮಾಡಿಸಿಕೊಟ್ಟು ಒಯ್ರಿ. ಇದೇ ಎತ್ತರ ಇರ್ಬೇಕು, ಇದೇ ಬಣ್ಣ."

ಕೌಲ್ ಬಜಾರಿನ ಬಡಗಿಯೊಬ್ಬರ ಹತ್ತಿರ ವಿಚಾರಿಸಿದ್ದೇನೆ. ಸಾಗವಾನಿಯಲ್ಲಿ ಜೋಡಿಗೆ ಹದಿನಾಲ್ಕು ಸಾವಿರವಂತೆ.