ಹನ್ನೊಂದು ಟ್ರ್ಯಾಕ್ಟರ್‌ಗಳು ಮತ್ತು 2.34 ಎಂಬ ಅಂಕಿ

ಇವತ್ತು ಬೆಳಿಗ್ಗೆ ಏಳೂವರೆಗೆ ಕಲಬುರಗಿಯ ಒಂದು ದಾಲ್‌ಮಿಲ್‌ನ ಅಂಗಳದಲ್ಲಿ ಹನ್ನೊಂದು ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿದ್ದವು. ಜೇವರ್ಗಿ, ಆಳಂದ, ಚಿತ್ತಾಪುರದ ಕಡೆಯ ರೈತರು ಚಳಿಗೆ ತಲೆಗೆ ಬಟ್ಟೆ ಸುತ್ತಿಕೊಂಡು ಹೊಸ ತೊಗರಿಯ ಚೀಲಗಳ ಮೇಲೆ ಕುಳಿತಿದ್ದರು. ವೇಬ್ರಿಡ್ಜ್ ಮೇಲೆ ಗಾಡಿ ಹತ್ತಿದೆ, ಡಬ್ಬಿಯಲ್ಲಿ ಕೆಂಪು ಅಂಕಿ ಮೂಡಿ ನಿಂತಿದೆ, ಆದರೆ ಚೀಟಿ ಬರುತ್ತಿಲ್ಲ. ಗುಮಾಸ್ತರು ಕಾರ್ಬನ್ ಹಾಳೆ ಇಟ್ಟುಕೊಂಡು ಕೈಯಲ್ಲೇ ತೂಕ ಬರೆದು ಕೊಡುತ್ತಿದ್ದರು. ಸಾಲು ಇರುವೆಯಂತೆ ಸಾಗುತ್ತಿತ್ತು.

ತೂಕ ಓದಿ ಚೀಟಿ ಮುದ್ರಿಸುವ ಆ ಪ್ರೋಗ್ರಾಮನ್ನು ಬರೆದವನು ನನ್ನ ಅಣ್ಣನ ಮಗ. ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಎರಡು ತಿಂಗಳು ಕಷ್ಟಪಟ್ಟು ರಸ್ಟ್ ಭಾಷೆಯಲ್ಲಿ ಬರೆದಿದ್ದ. ನಿನ್ನೆ ರಾತ್ರಿ ಪೆನ್‌ಡ್ರೈವ್‌ನಲ್ಲಿ ತಂದು ಮಿಲ್‌ನ ಕಂಪ್ಯೂಟರ್‌ಗೆ ಹಾಕಿ, ಬೆಳಿಗ್ಗೆ ಚಾಲೂ ಮಾಡುವುದಷ್ಟೇ ಬಾಕಿ ಎಂದು ನಿಶ್ಚಿಂತೆಯಿಂದ ಮಲಗಿದ್ದ. ನಾನು ಅಲ್ಲಿಗೆ ಹೋದಾಗ ಅವನ ಮುಖ ಕಪ್ಪಿಟ್ಟಿತ್ತು. "ಅತ್ತೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಇಲ್ಲಿ ಶುರುವಾಗುವ ಮೊದಲೇ ಸಾಯುತ್ತಿದೆ" ಎಂದ. ಮಿಲ್‌ನ ಮಾಲೀಕರು ಒಂದು ಮಾತೂ ಜೋರಾಗಿ ಆಡಲಿಲ್ಲ. "ಹುಡುಗ ಇನ್ನೂ ಕಲಿಯುತ್ತಿದ್ದಾನೆ, ಇರಲಿ ಬಿಡಿ ಅಕ್ಕಾವರೇ" ಎಂದರು. ಆ ಮಾತು ಅವನಿಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ನನಗೂ ಸಿಟ್ಟು ಬಂದದ್ದು ಅಲ್ಲಿಯೇ. ತಪ್ಪು ಹುಡುಗನದ್ದಲ್ಲ.

ಪರದೆಯ ಮೇಲೆ ಒಂದೇ ಸಾಲು ಇತ್ತು: ಗ್ಲಿಬ್‌ಸಿ 2.34 ಸಿಗಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುವ ಬಹುಪಾಲು ಪ್ರೋಗ್ರಾಮ್‌ಗಳು ಕಡತ ತೆರೆಯುವುದಕ್ಕೆ, ಮೆಮೊರಿ ಪಡೆಯುವುದಕ್ಕೆ, ಕೊನೆಗೆ ಶುರುವಾಗುವುದಕ್ಕೂ ಒಂದು ಮೂಲ ಲೈಬ್ರರಿಯನ್ನು, ಅಂದರೆ ಸಿದ್ಧ ಕೋಡ್‌ನ ಸಂಗ್ರಹವನ್ನು, ಆಶ್ರಯಿಸುತ್ತವೆ. ಅದೇ ಗ್ಲಿಬ್‌ಸಿ. ಅದು ಪ್ರೋಗ್ರಾಮ್‌ನ ಒಳಗೆ ಇರುವುದಿಲ್ಲ, ಆಯಾ ಕಂಪ್ಯೂಟರ್‌ನಲ್ಲಿ ಇರುತ್ತದೆ. ಪ್ರೋಗ್ರಾಮ್ ಓಡುವ ಗಳಿಗೆಯಲ್ಲಿ ಎರಡರ ಜೋಡಣೆಯಾಗುತ್ತದೆ. ಹುಡುಗನ ಲ್ಯಾಪ್‌ಟಾಪ್‌ನಲ್ಲಿದ್ದದ್ದು ಲಿನಕ್ಸ್‌ನದೇ ಒಂದು ರೂಪವಾದ ಉಬುಂಟು 22.04, ಅದರ ಗ್ಲಿಬ್‌ಸಿ 2.35. ಮಿಲ್‌ನಲ್ಲಿರುವುದು ಉಬುಂಟು 20.04, ಅಲ್ಲಿ 2.31. ಹಳೆಯದರ ಮೇಲೆ ಕಟ್ಟಿದ್ದು, ಅಂದರೆ ಓಡುವ ರೂಪಕ್ಕೆ ತಂದ ಪ್ರೋಗ್ರಾಮ್, ಹೊಸದರಲ್ಲಿ ಓಡುತ್ತದೆ, ಆ ಮಾತನ್ನು ಗ್ಲಿಬ್‌ಸಿಯವರು ವರ್ಷಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಓಡುತ್ತದೆ ಎಂಬ ಭರವಸೆಯನ್ನು ಯಾರೂ ಕೊಟ್ಟಿಲ್ಲ.

ಹಾಗಾದರೆ ಹುಡುಗ 2.34ರ ಯಾವ ಹೊಸ ಸೌಲಭ್ಯ ಬಳಸಿದ್ದ? ಯಾವುದೂ ಇಲ್ಲ. ಆಬ್ಜ್‌ಡಂಪ್ ಎಂಬ ಉಪಕರಣ ಹಾಕಿ ಪ್ರೋಗ್ರಾಮ್‌ನ ಹೊಟ್ಟೆ ಬಗೆದು ನೋಡಿದೆ. 2.34 ಎಂಬ ಗುರುತು ಅಂಟಿಕೊಂಡಿದ್ದ ಹೆಸರುಗಳಲ್ಲಿ ಮೊದಲನೆಯದು ಪ್ರೋಗ್ರಾಮನ್ನು ಎಬ್ಬಿಸಿ ನಿಲ್ಲಿಸುವ ಆರಂಭದ ಕರೆ. ನಮ್ಮ 64 ಬಿಟ್ ಯಂತ್ರಗಳಲ್ಲಿ ವರ್ಷಗಟ್ಟಲೆ ಅದರ ಮೇಲೆ 2.2.5 ಎಂಬ ಗುರುತೇ ಇತ್ತು. 2021ರ ಆಗಸ್ಟ್‌ನಲ್ಲಿ ಬಂದ 2.34ರಲ್ಲಿ ಅದರ ಒಳಗಿನ ಏರ್ಪಾಡು ಬದಲಾಗಿ ಹೊಸ ಗುರುತು ಬಿತ್ತು. ಒಂದೇ ಪ್ರೋಗ್ರಾಮ್‌ನಲ್ಲಿ ಹಲವು ಕೆಲಸ ಒಟ್ಟಿಗೆ ನಡೆಸುವ ಥ್ರೆಡ್‌ಗಳ ಲೈಬ್ರರಿಯನ್ನೂ ಅದೇ ಆವೃತ್ತಿಯಲ್ಲಿ ಮೂಲ ಲೈಬ್ರರಿಯೊಳಗೆ ಸೇರಿಸಿದರು, ಆ ಹೆಸರುಗಳಿಗೂ 2.34 ಅಂಟಿತು. ಹಳೆಯ ಗುರುತಿನ ಕರೆ ಹೊಸ ಗ್ಲಿಬ್‌ಸಿಯಲ್ಲಿ ಇಂದಿಗೂ ಇದೆ, ಹಳೆಯ ಪ್ರೋಗ್ರಾಮ್‌ಗಳು ಅದರಿಂದಲೇ ಬದುಕಿವೆ. ಆದರೆ ಪ್ರೋಗ್ರಾಮನ್ನು ಲೈಬ್ರರಿಗೆ ಜೋಡಿಸಿ ಕಟ್ಟುವ ಲಿಂಕರ್ ಎಂಬ ಉಪಕರಣ ಕೇಳುವುದಿಲ್ಲ, ಹೇಳುವುದಿಲ್ಲ. ಎದುರಿಗೆ ಸಿಕ್ಕ ಅತಿ ಹೊಸದನ್ನು ಹಿಡಿದು ಕಟ್ಟಿಬಿಡುತ್ತದೆ. ಏನೂ ಮಾಡದೆ ಸುಮ್ಮನೆ ಮುಗಿಯುವ ಒಂದು ಖಾಲಿ ಪ್ರೋಗ್ರಾಮನ್ನು 22.04ರಲ್ಲಿ ಎಂದಿನಂತೆ ಕಟ್ಟಿ 20.04ಕ್ಕೆ ಒಯ್ಯಿರಿ, ಅದೂ ಓಡುವುದಿಲ್ಲ.

ನನ್ನ ಸಿಟ್ಟು ಇದೇ. ಈ ಪ್ರೋಗ್ರಾಮ್‌ಗೆ ಕನಿಷ್ಠ 2.34 ಬೇಕು ಎಂಬುದು ಕಟ್ಟುವ ಗಳಿಗೆಯಲ್ಲೇ ಲಿಂಕರ್‌ಗೆ ಗೊತ್ತಿತ್ತು. ತಾನೇ ಕಡತದೊಳಗೆ ಬರೆದಿಟ್ಟಿತ್ತು. ಆದರೂ ಹುಡುಗನಿಗೆ ಒಂದು ಸಾಲು ಹೇಳಲಿಲ್ಲ. ಆ ಸುದ್ದಿಯನ್ನು ಮೊದಲು ಕೇಳಿದವರು ಗುಮಾಸ್ತರು, ಹನ್ನೊಂದು ಟ್ರ್ಯಾಕ್ಟರ್‌ಗಳ ಎದುರಿಗೆ. ಮಾಳಿಗೆ ಎಲ್ಲಿ ಸೋರುತ್ತದೆಂದು ಕಟ್ಟಿದ ಗೌಂಡಿಗೆ ಗೊತ್ತಿದ್ದೂ ಮಳೆ ಬಿದ್ದ ರಾತ್ರಿಯೇ ಮನೆಯವರು ತಿಳಿಯಬೇಕೇ?

ಇನ್ನೊಂದು ಸಂಕಟವಿದೆ. ಹುಡುಗ ಶಿಸ್ತಿನವನು. ಲೈಬ್ರರಿಗಳನ್ನು ತಂದುಕೊಡುವ ರಸ್ಟ್‌ನ ಕಾರ್ಗೋ ಎಂಬ ಉಪಕರಣ ಅವನು ಬಳಸಿದ ನಲವತ್ತಕ್ಕೂ ಹೆಚ್ಚು ಲೈಬ್ರರಿಗಳ ಹೆಸರು, ಆವೃತ್ತಿ, ಬೆರಳಚ್ಚಿನಂಥ ತಪಾಸಣೆ ಸಂಖ್ಯೆ ಎಲ್ಲವನ್ನೂ ಲಾಕ್ ಕಡತದಲ್ಲಿ ಬರೆದಿಟ್ಟಿದೆ. ಅವೆಲ್ಲ ಪ್ರೋಗ್ರಾಮ್‌ನ ಒಳಗೇ ಬೆಸೆದುಕೊಂಡಿವೆ, ಒಂದೂ ಕೈಕೊಡಲಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಆ ಪಟ್ಟಿಯಲ್ಲಿ ಗ್ಲಿಬ್‌ಸಿ ಇಲ್ಲ. ನೆಲಕ್ಕೆ ಹಾಸಿದ ಒಂದೊಂದು ಶಹಾಬಾದ್ ಕಲ್ಲಿನ ಲೆಕ್ಕವೂ ಇದೆ, ಕೆಳಗಿನ ಪಾಯದ ಲೆಕ್ಕ ಮಾತ್ರ ಇಲ್ಲ.

ಹನ್ನೆರಡು ವರ್ಷದ ಹಿಂದೆ, ಬೆಂಗಳೂರಿನ ಕೆಲಸದಲ್ಲಿದ್ದಾಗ, ಒಂದು ರಾತ್ರಿ ದೂರದ ಊರಿನಿಂದ ಗ್ರಾಹಕರೊಬ್ಬರು ಫೋನ್ ಮಾಡಿ ಪ್ರೋಗ್ರಾಮ್ ತೆರೆಯುತ್ತಿಲ್ಲ ಎಂದರು. "ನನ್ನ ಕಂಪ್ಯೂಟರ್‌ನಲ್ಲಿ ನಡೆಯುತ್ತಿದೆಯಲ್ಲ" ಎಂದು ಹೇಳಿ ಫೋನ್ ಇಟ್ಟಿದ್ದೆ. ಮರುದಿನ ನೋಡಿದರೆ ಇಂಥದ್ದೇ ಆವೃತ್ತಿಯ ತಕರಾರು. ಅವರ ಇಡೀ ದಿನದ ಕೆಲಸ ಹಾಳಾಗಿತ್ತು. ಕ್ಷಮೆ ಕೇಳಿದೆ, ಆದರೆ ಆ ಮಾತು ಇವತ್ತಿಗೂ ಚುಚ್ಚುತ್ತದೆ. ಬೆಳಿಗ್ಗೆ ಅದೇ ಮಾತನ್ನು ಹುಡುಗನ ಬಾಯಲ್ಲಿ ಕೇಳಿದಾಗ ಎದೆ ಝಲ್ಲೆಂದಿತು.

ಬೇರೆ ಭಾಷೆಗಳಲ್ಲೂ ಇದೇ ಗೋಳು, ವೇಷ ಮಾತ್ರ ಬೇರೆ. ಪೈಥಾನ್‌ನಲ್ಲಿ 2024ರ ಜೂನ್‌ನಲ್ಲಿ ಲೆಕ್ಕಾಚಾರದ ಲೈಬ್ರರಿಯಾದ ನಂಪೈನ 2.0 ಬಂದಾಗ, ಹಳೆಯ ನಂಪೈಗೆ ಕಂಪೈಲ್ ಮಾಡಿದ್ದ ಎಷ್ಟೋ ಲೈಬ್ರರಿಗಳು ಹೊಸದರ ಜೊತೆ ತೆರೆಯಲೇ ಇಲ್ಲ. ಆವೃತ್ತಿ ಬರೆದುಕೊಳ್ಳದೆ, ಲೈಬ್ರರಿ ತರುವ ಪಿಪ್ ಉಪಕರಣ ಬಳಸಿದವರಿಗೆಲ್ಲ ಆ ವಾರ ನಿದ್ದೆಯಿಲ್ಲ. ಜಾವಾದಲ್ಲಿ ಒಂದೇ ಲೈಬ್ರರಿಯ ಎರಡು ಆವೃತ್ತಿಗಳನ್ನು ಇಬ್ಬರು ಕೇಳಿದರೆ, ಲೈಬ್ರರಿ ಜೋಡಿಸುವ ಮೇವೆನ್ ಎಂಬ ಉಪಕರಣ ಅವಲಂಬನೆಯ ಸರಪಳಿಯಲ್ಲಿ ಯಾವುದು ಹತ್ತಿರವೋ ಅದನ್ನು ಎತ್ತಿಕೊಳ್ಳುತ್ತದೆ. ಇನ್ನೊಬ್ಬರಿಗೆ ಬೇಕಾದ ಮೆಥಡ್ ಇಲ್ಲವೆಂಬುದು ಪ್ರೋಗ್ರಾಮ್ ಓಡುವಾಗಲೇ ಹೊರಬೀಳುತ್ತದೆ. ಗೋ ಭಾಷೆಯವರ ಒಂದು ತೀರ್ಮಾನ ನನಗೆ ತುಂಬಾ ಹಿಡಿಸಿದೆ. ಎಲ್ಲರೂ ಕೇಳಿದ ಕನಿಷ್ಠ ಆವೃತ್ತಿಗಳನ್ನು ನೋಡಿ, ಎಲ್ಲರಿಗೂ ಸಾಲುವಷ್ಟನ್ನೇ ತೆಗೆದುಕೊಳ್ಳುತ್ತದೆ. ಅದಕ್ಕಿಂತ ಹೊಸದು ಇದೆಯೆಂದು ತಾನಾಗಿ ಹಾರಿ ಹೋಗುವುದಿಲ್ಲ. ಸಿ ಭಾಷೆಯ ಕೊಂಡಿ ಇಲ್ಲದೆ ಕಟ್ಟಿದರೆ ಗ್ಲಿಬ್‌ಸಿಯ ಹಂಗೂ ಇಲ್ಲ. ಒಂದೇ ಕಡತ, ಎಲ್ಲವೂ ಅದರೊಳಗೆ.

ಇದಕ್ಕೆ ಕೆಲವು ಗೆಳೆಯರು ಏನು ಹೇಳುತ್ತಾರೆಂದು ಗೊತ್ತು. ಹಂಚಿಕೊಂಡ ಲೈಬ್ರರಿಯಿಂದಲೇ ಸುರಕ್ಷತೆ ಎನ್ನುತ್ತಾರೆ. 2014ರ ಏಪ್ರಿಲ್‌ನಲ್ಲಿ ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ, ಒಂದು ಲೈಬ್ರರಿ ಬದಲಿಸಿ ಸೇವೆಗಳನ್ನು ಮರುಚಾಲನೆ ಮಾಡಿದರೆ ಅದನ್ನು ಆಶ್ರಯಿಸಿದ್ದವೆಲ್ಲ ಸರಿಯಾದವು. 2021ರ ಡಿಸೆಂಬರ್‌ನಲ್ಲಿ ಜಾವಾದ ಲಾಗ್4ಜೆ ಲೈಬ್ರರಿಯ ದೋಷ ಬಂದಾಗ, ಜಾವಾ ಕೋಡ್ ಕಟ್ಟಿಡುವ ಜಾರ್ ಕಡತದೊಳಗೆ ಜಾರ್ ಅಡಗಿದ್ದರಿಂದ ಅದು ಎಲ್ಲೆಲ್ಲಿದೆ ಎಂದು ಹುಡುಕುವುದರಲ್ಲೇ ವಾರಗಳು ಕಳೆದವು. ನಿಜ, ಒಪ್ಪುತ್ತೇನೆ. ಆದರೆ ನನ್ನ ಜಗಳ ಹಂಚಿಕೊಳ್ಳುವುದರ ಮೇಲಲ್ಲ. ಹಂಚಿಕೊಂಡ ಲೈಬ್ರರಿ ಬಳಸಲಿ, ಯಾವ ಆವೃತ್ತಿ ಬೇಕೆಂದು ಕಟ್ಟುವಾಗ ನನ್ನನ್ನು ಕೇಳಲಿ ಎನ್ನುತ್ತಿದ್ದೇನೆ. ಕೇಳಿದರೆ ಸುರಕ್ಷತೆಗೆ ಯಾವ ಕುಂದು ಬರುತ್ತದೆ?

ಮಿಲ್‌ನ ಕಂಪ್ಯೂಟರನ್ನೇ ಹೊಸದು ಮಾಡಿ ಎನ್ನುವವರೂ ಇದ್ದಾರೆ. 20.04ರ ಸಾಮಾನ್ಯ ಬೆಂಬಲ 2025ರ ಮೇ ತಿಂಗಳಿಗೆ ಮುಗಿದಿದೆ, ಬದಲಿಸಲೇಬೇಕು, ಬದಲಿಸುತ್ತೇವೆ. ಆದರೆ ತೊಗರಿ ಸುಗ್ಗಿಯ ನಡುವೆ ವೇಬ್ರಿಡ್ಜ್‌ನ ಯಂತ್ರ ಬಿಚ್ಚಿ ಕೂರುವುದನ್ನು ಹೇಳುವವರು ಒಮ್ಮೆ ಬಂದು ಆ ಸಾಲಿನಲ್ಲಿ ನಿಲ್ಲಲಿ. ನಮ್ಮ ಜಿಲ್ಲೆಯಲ್ಲಿ ವರ್ಷದ ಗಳಿಕೆ ನಿರ್ಧಾರವಾಗುವ ವಾರಗಳಿವು.

ಆಗದ ಕೆಲಸವನ್ನು ನಾನು ಕೇಳುತ್ತಿಲ್ಲ. ಆಪಲ್‌ನ ಯಂತ್ರಗಳಿಗೆ ಕಟ್ಟುವವರು ಎಷ್ಟು ಹಳೆಯ ಆವೃತ್ತಿಯವರೆಗೆ ಓಡಬೇಕೆಂದು ಮೊದಲೇ ಹೇಳುವ ಏರ್ಪಾಡು ಎಷ್ಟೋ ವರ್ಷಗಳಿಂದ ಇದೆ. ಜಿಗ್ ಭಾಷೆಯವರು ಲಿನಕ್ಸ್‌ಗೂ ಅದನ್ನು ಮಾಡಿ ತೋರಿಸಿದ್ದಾರೆ. ಅವರ ಕಂಪೈಲರ್‌ನ ಜೊತೆಯಲ್ಲೇ ಗ್ಲಿಬ್‌ಸಿಯ ಯಾವ ಆವೃತ್ತಿಯಲ್ಲಿ ಯಾವ ಹೆಸರು ಇತ್ತು ಎಂಬ ಲೆಕ್ಕ ಬರುತ್ತದೆ. ಯಾವ ಬಗೆಯ ಯಂತ್ರಕ್ಕೆ ಕಟ್ಟಬೇಕೆಂದು ಹೇಳುವ ಗುರಿಯ ಹೆಸರಿನ ಕೊನೆಗೆ ಒಂದು ಚುಕ್ಕೆ ಇಟ್ಟು 2.31 ಎಂದು ಬರೆದರೆ ಸಾಕು, ಅದಕ್ಕೆ ತಕ್ಕಂತೆ ಕಟ್ಟಿಕೊಡುತ್ತದೆ. 2.31ರಲ್ಲಿ ಇಲ್ಲದ್ದನ್ನು ಕರೆದರೆ ಅಲ್ಲೇ, ಕಟ್ಟುವವನ ಎದುರಿಗೇ, ಆಗುವುದಿಲ್ಲ ಎನ್ನುತ್ತದೆ. ನನಗೆ ಬೇಕಾದದ್ದು ಇಷ್ಟೇ. ರಸ್ಟ್ ಬರೆಯುವವರೂ ಅದನ್ನು ಲಿಂಕರ್ ಆಗಿ ಬಳಸಬಹುದು. ಒಂದು ಭಾಷೆಯವರಿಗೆ ಸಾಧ್ಯವಾದದ್ದು ಉಳಿದವರ ಮಾಮೂಲಿ ಉಪಕರಣಗಳಲ್ಲಿ ಯಾಕಿಲ್ಲ ಎಂದು ಕೇಳುವ ಹಕ್ಕು ನಮಗಿದೆ.

ಮಿಲ್‌ನ ಕಚೇರಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನನ್ನ ಮೊಬೈಲ್‌ನ ಇಂಟರ್‌ನೆಟ್ ಹಚ್ಚಿ, ಇಬ್ಬರೂ ಸೇರಿ ಹಾಗೆಯೇ ಮಾಡಿದೆವು. ಮೊದಲು ಮಿಲ್‌ನ ಯಂತ್ರದಲ್ಲಿ ಗ್ಲಿಬ್‌ಸಿ ಎಷ್ಟೆಂದು ಮತ್ತೊಮ್ಮೆ ನೋಡಿ ಬಾ ಎಂದೆ. ಹೋಗಿ ನೋಡಿ ಬಂದು, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದ 2.31 ತೋರಿಸಿದ. ಒಂಬತ್ತೂಕಾಲಿಗೆ ಕಟ್ಟಿ ಮುಗಿಯಿತು. ಪೆನ್‌ಡ್ರೈವ್ ಚುಚ್ಚುವಾಗ ಅವನ ಕೈ ನಡುಗುತ್ತಿತ್ತು.

ಸಾಲಿನಲ್ಲಿ ಎಂಟನೆಯವರಾಗಿದ್ದ ಆಳಂದ ಕಡೆಯ ಒಬ್ಬ ಹಿರಿಯರ ಗಾಡಿ ಆಗ ವೇಬ್ರಿಡ್ಜ್ ಮೇಲಿತ್ತು. ಪ್ರಿಂಟರ್ ಕಿರ್ರೆಂದು ಸದ್ದು ಮಾಡಿ ಚೀಟಿ ಉಗುಳಿತು. ಅವರು ಅದನ್ನು ಬಿಸಿಲಿಗೆ ಹಿಡಿದು, ಡಬ್ಬಿಯ ಕೆಂಪು ಅಂಕಿಗೂ ಚೀಟಿಗೂ ಎರಡು ಸಲ ತಾಳೆ ನೋಡಿ, ಮಡಚಿ ಜೇಬಿಗೆ ಇಟ್ಟುಕೊಂಡು, "ಮುಂದಿನ ಗಾಡಿ ಬರಲಿ" ಎಂದು ತಾವೇ ಕೂಗಿದರು.