ಡಬ್ಬಿ ಕೂಗಿದರೇ ದುಡ್ಡು

ಸಂಜೆ ಆರರ ಮೇಲೆ ದಾವಣಗೆರೆಯ ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿ. ಮಂಡಕ್ಕಿ ಮಿರ್ಚಿ ತಿಂದವರು ಫೋನೆತ್ತಿ ಹಸಿರು ಟಿಕ್ ತೋರಿಸುತ್ತಾರೆ. ಗಾಡಿಯವನು ಕತ್ತೆತ್ತುವುದಿಲ್ಲ. "ಇನ್ನೂ ಕೂಗಿಲ್ರೀ, ನಿಲ್ರಿ." ಕೂಗಬೇಕಾದ್ದು ಬಾಣಲೆ ಪಕ್ಕದಲ್ಲಿ ಕಡಲೆಹಿಟ್ಟು ಮೆತ್ತಿಕೊಂಡು ಕೂತ ಡಬ್ಬಿ, ಫೋನಿನಲ್ಲಿ ಕೊಟ್ಟ ದುಡ್ಡು ಬಂತೆಂದು ಸಾರುವ ಸೌಂಡ್‌ಬಾಕ್ಸ್. ಅದು ಬಾಯಿ ಬಿಡುವ ತನಕ ಲಾಯರ್ರೂ ಕಳ್ಳ, ಮೇಷ್ಟ್ರೂ ಕಳ್ಳ.

ಅವನನ್ನು ಬೈಯುವಂತಿಲ್ಲ. ಹಸಿರು ಟಿಕ್ ಬರೆದುಕೊಡುವುದಕ್ಕೇ ನಕಲಿ ಆಪ್‌ಗಳಿವೆ. ರಾತ್ರೋರಾತ್ರಿ ಕ್ಯೂಆರ್ ಮೇಲೆ ತಮ್ಮ ಕ್ಯೂಆರ್ ಅಂಟಿಸಿ ಹೋಗುವ ಪುಣ್ಯಾತ್ಮರಿದ್ದಾರೆ. ಆಗ ಟಿಕ್ಕೂ ಅಸಲಿ, ಹೋದ ದುಡ್ಡೂ ಅಸಲಿ, ಡಬ್ಬಿ ಮಾತ್ರ ಮೂಕ. ಆದರೆ ಡಬ್ಬಿಯೇನು ಹರಿಶ್ಚಂದ್ರನ ಮೊಮ್ಮಗನೇ? ಅದರ ಹೊಟ್ಟೆಯಲ್ಲಿರುವುದು ಒಂದು ಸಿಮ್, ಒಂದು ಬ್ಯಾಟರಿ. ದುಡ್ಡು ಯುಪಿಐ ನಡೆಸುವ ಎನ್‌ಪಿಸಿಐ ದಾಟಿ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ದಾರಿ ಬೇರೆ, ಆ ಸುದ್ದಿ ಡಬ್ಬಿಗೆ ಮುಟ್ಟುವ ದಾರಿ ಬೇರೆ. ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೆ ದುಡ್ಡು ಖಾತೆಯಲ್ಲಿ ಬೆಚ್ಚಗಿರುತ್ತದೆ, ಗಿರಾಕಿ ಬಿಸಿಲಲ್ಲಿ ನಿಂತಿರುತ್ತಾನೆ.

ಇನ್ನೊಂದು ತಮಾಷೆ. ಅದು ಮೊತ್ತ ಹೇಳುತ್ತದೆ, ಹೆಸರು ಹೇಳುವುದಿಲ್ಲ. ಮೂವರೂ ಮೂವತ್ತರದ್ದು ತಿಂದಿದ್ದಾರೆ, ಡಬ್ಬಿ ಕೂಗಿದ್ದು ಒಂದೇ ಸಲ. "ಅದು ನಂದು" ಅಂತ ಮೂವರೂ ಬೈಕ್ ಹತ್ತಿದರು. ವೇದವಾಕ್ಯ ಒಂದೇ, ಭಾಷ್ಯಕಾರರು ಮೂವರು.

ದುಡ್ಡು ನಡುದಾರಿಯಲ್ಲಿ ಸಿಕ್ಕಿಕೊಂಡರೆ ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಇದೆ: ಖಾತೆಯಿಂದ ಕಡಿತವಾಗಿ ಅಂಗಡಿಗೆ ಖಾತ್ರಿ ಸಿಗದಿದ್ದರೆ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು, ತಡವಾದರೆ ದಿನಕ್ಕೆ 100 ರೂಪಾಯಿ. ಮೂವತ್ತು ರೂಪಾಯಿ ಮಿರ್ಚಿಗೆ ಇಂಥ ಬಡ್ಡಿ ಯಾವ ಚೀಟಿಯಲ್ಲೂ ಗಿಟ್ಟದು. ಗ್ರಾಹಕ ಕೇಳುವ ಮೊದಲೇ ಕೊಡಬೇಕೆಂದೂ ಅದರಲ್ಲಿದೆ. ನಗಬೇಡಿ.

2025ರ ಜುಲೈ ನೆನಪಿದೆಯಲ್ಲ? ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸು ಬಂದಾಗ ಬೆಂಗಳೂರಿನಲ್ಲಿ ಕ್ಯೂಆರ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬರೆದರು. ಜಿಎಸ್‌ಟಿ ನೋಂದಣಿಗೆ ವರ್ಷದ ವಹಿವಾಟಿನ ಮಿತಿ ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ. ಡಬ್ಬಿಗೆ ಬಂದದ್ದಷ್ಟೇ ಗೊತ್ತು. ಎಣ್ಣೆ ಡಬ್ಬಕ್ಕೆ, ಕಡಲೆಹಿಟ್ಟಿಗೆ ಹೋದದ್ದು ಗೊತ್ತಿಲ್ಲ. ಭಾಮೈದ ತೀರಿಸಿದ ಕೈಸಾಲವನ್ನೂ ಅದು ಅದೇ ರಾಗದಲ್ಲಿ ಕೂಗಿತ್ತು.

ಯಂತ್ರವನ್ನು ಯಾಕೆ ನಂಬುತ್ತಾರೆ ಅಂದರೆ, ಅದಕ್ಕೆ ಕಪಾಳ ಇಲ್ಲ. "ನಾಳೆ ಬಾ" ಅಂದ ಗುಮಾಸ್ತನ ಕಾಲರ್ ಹಿಡಿಯುವ ಊರು, "ಸರ್ವರ್ ಡೌನ್" ಅಂದರೆ ಚೀಲ ಮಡಚಿಕೊಂಡು ಮನೆಗೆ ಹೋಗುತ್ತದೆ.

ರೇಷನ್ ಅಂಗಡಿಯ ಮುಂದೆ ಮಾತ್ರ ನಗು ಬರುವುದಿಲ್ಲ. ಇದು ಮಂಡಕ್ಕಿ ಭಟ್ಟಿಗಳ ಊರು. ಕಾದ ಮರಳು, ಬಿಸಿ ಬಾಣಲೆ, ಒಬ್ಬಾಕೆಯ ಮೂವತ್ತು ವರ್ಷದ ದುಡಿಮೆ. ಬೆರಳ ಗೆರೆ ಸವೆದು ನುಣ್ಣಗಾಗಿದೆ. ಗೆರೆ ಸಿಗದ ಯಂತ್ರ, ನೀನು ನೀನಲ್ಲ ಅನ್ನುತ್ತದೆ. ಕಣ್ಣಿನ ಪಾಪೆ ತೋರಿಸಬಹುದು, ಆ ಯಂತ್ರ ಅಂಗಡಿಯಲ್ಲಿದ್ದರೆ. ಒಟಿಪಿ ತರಿಸಬಹುದು, ಆಧಾರಿಗೆ ಕೊಟ್ಟ ನಂಬರು ಇನ್ನೂ ಜೀವಂತವಿದ್ದರೆ. ಹಸಿವಿಗೆ ಇಷ್ಟೆಲ್ಲ ಸಾಕ್ಷಿ ಕೇಳುವುದಕ್ಕೆ ನಾಚಿಕೆಯಾಗಬೇಕು.

ಎದುರಿಗಿರುವ ಅಂಗಡಿಯವನಿಗೆ ಆಕೆ ಗೊತ್ತು, ಆಕೆಯ ಸೊಸೆ ಗೊತ್ತು, ಯಾವ ಓಣಿ ಅಂತಲೂ ಗೊತ್ತು. ಅವನ ಗೊತ್ತಿಗೆ ಬೆಲೆಯಿಲ್ಲ. "ತಲೆಗೆ ಒರೆಸ್ಕಂಡು ಇನ್ನೊಂದ್ಸಲ ಒತ್ತವ್ವಾ" ಅನ್ನುತ್ತಾನೆ. ಆಕೆ ಹೆಬ್ಬೆರಳನ್ನು ಕೂದಲೆಣ್ಣೆಗೆ ತಿಕ್ಕಿ ಮತ್ತೆ ಗಾಜಿನ ಮೇಲಿಡುತ್ತಾಳೆ.